ಮಳೆಗಾಲದಲ್ಲಿ ಕಾರಿನ ಗಾಜು ಮಬ್ಬಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮೇ ತಿಂಗಳ ಸಂಜೆಮಳೆ ಶುರುವಾದರೆ ಅಕ್ಟೋಬರ್ ಮುಗಿಯುವ ತನಕ ಕಾರು ಓಡಿಸುವವರಿಗೆಲ್ಲ ಒಂದೇ ಗೋಳು, ಮುಂದಿನ ಗಾಜು ಮಬ್ಬಾಗುವುದು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಾ ಹೋಗುವವರು ಪ್ರತಿ ಸಿಗ್ನಲ್‌ನಲ್ಲೂ ಕಾಣುತ್ತಾರೆ. ಅದು ಬೇಕಾಗಿಯೇ ಇಲ್ಲ. ಡ್ಯಾಶ್‌ಬೋರ್ಡ್ ಮೇಲೆ ಈಗಾಗಲೇ ಇರುವ ಎರಡು ಮೂರು ಬಟನ್ ಸರಿಯಾಗಿ ಬಳಸಿದರೆ ಹೆಚ್ಚಿನವರ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಅಷ್ಟಕ್ಕೂ ಮುಗಿಯದಿದ್ದರೆ ಕಾರಿನ ಒಳಗೆ ಎಲ್ಲೋ ನೀರು ಸೇರಿದೆ ಎಂದು ಅರ್ಥ, ಅದನ್ನು ಹುಡುಕಬೇಕು.

ಟ್ರಾಫಿಕ್ ನಡುವೆ ಇದ್ದೇನೆ, ಗಾಜು ಪೂರ್ತಿ ಮಬ್ಬಾಗಿದೆ. ಮೊದಲು ಏನು ಮಾಡಲಿ?

ವೇಗ ಇಳಿಸಿ. ಆಮೇಲೆ ಮುಂದಿನ ಗಾಜಿನ ಡಿಫ್ರಾಸ್ಟ್ ಬಟನ್ ಒತ್ತಿ. ಬೀಸಣಿಗೆ ಆಕಾರದ ಗಾಜಿನ ಚಿತ್ರ, ಅದರ ಮೇಲೆ ಬಳುಕುತ್ತಾ ಏರುವ ಮೂರು ಬಾಣ, ಅದೇ ಆ ಬಟನ್. ಚೌಕದ ಚಿತ್ರ ಇರುವುದು ಹಿಂದಿನ ಗಾಜಿನದ್ದು, ಗಡಿಬಿಡಿಯಲ್ಲಿ ಅದನ್ನು ಒತ್ತಿ ಕಾಯುತ್ತಾ ಕೂರಬೇಡಿ.

ಆಟೋಮ್ಯಾಟಿಕ್ ಎಸಿ ಇರುವ ಎಷ್ಟೋ ಕಾರುಗಳಲ್ಲಿ ಈ ಒಂದು ಬಟನ್‌ಗೇ ಎಸಿ ಆನ್ ಆಗುತ್ತದೆ, ಬ್ಲೋವರ್ ಜೋರಾಗುತ್ತದೆ, ಹೊರಗಿನ ಗಾಳಿ ಒಳಗೆ ಬರಲು ಶುರುವಾಗುತ್ತದೆ. ತಿರುಗಿಸುವ ನಾಬ್ ಇರುವ ಕಾರಾದರೆ ಇದೆಲ್ಲ ನೀವೇ ಮಾಡಬೇಕು: ಗಾಳಿ ಗಾಜಿನ ಕಡೆಗೆ, ಎಸಿ ಆನ್, ಬ್ಲೋವರ್ ಫುಲ್, ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್) ಆಫ್. ಟೆಂಪರೇಚರ್ ನಾಬ್ ತೀರಾ ನೀಲಿ ತುದಿಯಲ್ಲಿ ಬೇಡ, ಮಧ್ಯದಿಂದ ಸ್ವಲ್ಪ ಕೆಂಪು ಕಡೆಗೆ ಇರಲಿ. ಒಂದೆರಡು ನಿಮಿಷದಲ್ಲಿ ಗಾಜಿನ ಕೆಳಗಿನ ಅಂಚಿನಿಂದ ಶುರುವಾಗಿ ಮೇಲಕ್ಕೆ ತಿಳಿಯಾಗುತ್ತಾ ಬರುತ್ತದೆ. ಅಲ್ಲಿಯ ತನಕ ರಸ್ತೆ ಕಾಣುತ್ತಲೇ ಇಲ್ಲ ಅಂದರೆ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿ. ಆದರೆ ಫ್ಲೈಓವರ್ ಮೇಲೆ ನಿಲ್ಲಿಸಬೇಡಿ, ಅಂಡರ್‌ಪಾಸ್ ಒಳಗಂತೂ ಬೇಡವೇ ಬೇಡ.

ಮಬ್ಬು ಒಳಗಿದೆಯೋ ಹೊರಗಿದೆಯೋ ಹೇಗೆ ಗೊತ್ತಾಗುತ್ತದೆ?

ವೈಪರ್ ಒಂದು ಸಲ ಆಡಿಸಿ. ಹೋದರೆ ಹೊರಗಿನದು. ಹೋಗದಿದ್ದರೆ ಒಳಗಿನದು. ಎರಡಕ್ಕೂ ಮದ್ದು ಉಲ್ಟಾ, ಹಾಗಾಗಿ ಇದನ್ನು ಮೊದಲು ನೋಡಿಕೊಳ್ಳಿ. ಸುಮ್ನೆ ಸಿಕ್ಕ ಸಿಕ್ಕ ಬಟನ್ ಒತ್ತಿದರೆ ಒಮ್ಮೊಮ್ಮೆ ಮಬ್ಬು ಜಾಸ್ತಿಯೇ ಆಗುತ್ತದೆ.

ಅಷ್ಟಕ್ಕೂ ಗಾಜು ಮಬ್ಬಾಗುವುದು ಯಾಕೆ?

ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. 30 ಡಿಗ್ರಿಯಲ್ಲಿ 1 ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಕಾರಿನೊಳಗಿನ ಬೆಚ್ಚನೆ ಗಾಳಿ ತಣ್ಣನೆ ಗಾಜಿಗೆ ತಾಗಿದಾಗ ಹೆಚ್ಚಾದ ನೀರು ಗಾಜಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತದಲ್ವಾ, ಇದೂ ಅದೇ.

ನಮ್ಮ ಊರಿನಲ್ಲಿ ಇದು ಜಾಸ್ತಿ ಕಾಣಲು ಕಾರಣ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಮೇ ತಿಂಗಳಲ್ಲಿ ಮಧ್ಯಾಹ್ನ 33 ಡಿಗ್ರಿ ಕಾಯ್ದಿದ್ದ ಊರು ಸಂಜೆ ಒಂದು ಜೋರು ಮಳೆಗೆ 22ರ ಹತ್ತಿರ ಇಳಿದುಬಿಡುತ್ತದೆ. ಮಳೆನೀರು ಹರಿಯುವ ಗಾಜು ಬೇಗ ತಣ್ಣಗಾಗುತ್ತದೆ. ಒಳಗೆ ನಾಲ್ಕು ಜನ ಉಸಿರಾಡುತ್ತಿರುತ್ತಾರೆ. ನಾವು ಬಿಡುವ ಉಸಿರು 34 ಡಿಗ್ರಿಯ ಆಸುಪಾಸಿನಲ್ಲಿ, ನೀರಾವಿಯಿಂದ ಹೆಚ್ಚುಕಡಿಮೆ ತುಂಬಿಯೇ ಹೊರಬರುತ್ತದೆ. ಚಿಕ್ಕ ಕಾರಿನೊಳಗೆ ಇರುವುದೇ ಸುಮಾರು 3 ಘನ ಮೀಟರ್ ಗಾಳಿ. ಅದರ ಮೇಲೆ ಒದ್ದೆ ಛತ್ರಿ, ಒದ್ದೆ ಶೂ, ಸೀಟಿನ ಹಿಂದೆ ಮಡಚಿಟ್ಟ ರೇನ್‌ಕೋಟ್. ಇಷ್ಟೆಲ್ಲ ನೀರು ಎಲ್ಲಾದರೂ ಕೂರಲೇಬೇಕು, ಎಲ್ಲಕ್ಕಿಂತ ತಣ್ಣಗಿರುವ ಜಾಗ ಗಾಜು.

ಹೊರಗೆ ಚಳಿ ಇದೆ. ಎಸಿ ಯಾಕೆ ಹಾಕಬೇಕು? ಹೀಟರ್ ಸಾಕಲ್ವಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಎಸಿ ತಂಪು ಮಾಡುವುದಕ್ಕೆ ಮಾತ್ರ ಇರುವುದು ಎಂದು ಎಲ್ಲರೂ ತಿಳಿದಿದ್ದಾರೆ, ಆದರೆ ಅದು ಗಾಳಿಯನ್ನು ಒಣಗಿಸುತ್ತದೆ ಕೂಡ. ಗಾಳಿ ಕೂಲಿಂಗ್ ಕಾಯಿಲ್ ಮೂಲಕ ಹಾದು ಹೋಗುವಾಗ ಅದರಲ್ಲಿರುವ ನೀರು ಕಾಯಿಲ್ ಮೇಲೆ ಇಳಿದು, ಒಂದು ಪೈಪಿನಲ್ಲಿ ಕಾರಿನ ಕೆಳಗೆ ಸೋರಿ ಹೋಗುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದಲ್ಲ, ಆ ನೀರು ಒಂದು ನಿಮಿಷದ ಹಿಂದೆ ಕಾರಿನ ಗಾಳಿಯಲ್ಲಿತ್ತು. ಗಾಜಿನ ಮೇಲೆ ಕೂರಬೇಕಾದ ನೀರೇ ಅದು.

ಬರೀ ಹೀಟರ್ ಹಾಕಿದರೂ ಗಾಜು ನಿಧಾನವಾಗಿ ಬಿಸಿಯಾಗಿ ತಿಳಿಯಾಗುತ್ತದೆ, ಆದರೆ ಎಂಜಿನ್ ಬಿಸಿಯಾಗುವ ತನಕ ಕಾಯಬೇಕು. ಎಸಿ ಮತ್ತು ಹೀಟರ್ ಎರಡೂ ಸೇರಿದರೆ ಗಾಳಿ ಮೊದಲು ಒಣಗಿ, ಆಮೇಲೆ ಬೆಚ್ಚಗಾಗಿ ಗಾಜಿಗೆ ಬಡಿಯುತ್ತದೆ. ಇದಕ್ಕಿಂತ ಬೇಗ ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ ಚಳಿ ಆಗುತ್ತದೆ ಎಂಬ ಚಿಂತೆಯೂ ಬೇಡ. ಎಸಿ ಆನ್ ಇಟ್ಟುಕೊಂಡೇ ಟೆಂಪರೇಚರ್ 25, 26ಕ್ಕೆ ಏರಿಸಿ.

ಗಾಜು ತಿಳಿಯಾಯಿತು ಎಂದು ಎಸಿ ಆಫ್ ಮಾಡಿದರೆ ಅರ್ಧ ನಿಮಿಷದಲ್ಲಿ ಮತ್ತೆ ಮಬ್ಬು, ಅದೂ ಮೊದಲಿಗಿಂತ ದಪ್ಪ. ಯಾಕೆ?

ಕಾಯಿಲ್ ಇನ್ನೂ ಒದ್ದೆ ಇರುತ್ತದೆ. ಎಸಿ ನಿಂತ ಕೂಡಲೇ ಕಾಯಿಲ್ ಬಿಸಿಯಾಗಲು ಶುರುವಾಗುತ್ತದೆ, ಅದರ ಮೇಲಿದ್ದ ನೀರನ್ನೆಲ್ಲ ಬ್ಲೋವರ್ ಗಾಳಿ ಎತ್ತಿಕೊಂಡು ನೇರ ಗಾಜಿನ ಮೇಲೆ ಊದುತ್ತದೆ. ಹಾಗಾಗಿ ಮಳೆ ಬರುತ್ತಿರುವಾಗ ಆನ್, ಆಫ್ ಆಟ ಬೇಡ. ಇಡೀ ದಾರಿ ಎಸಿ ಆನ್ ಇರಲಿ, ಬ್ಲೋವರ್ ಮಾತ್ರ ಒಂದಕ್ಕೋ ಎರಡಕ್ಕೋ ಇಳಿಸಿಕೊಳ್ಳಿ.

ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನ ಹೊಗೆ ಒಳಗೆ ಬರುತ್ತದೆ ಎಂದು ಯಾವಾಗಲೂ ರೀಸರ್ಕ್ಯುಲೇಶನ್ ಹಾಕಿರುತ್ತೇನೆ. ತಪ್ಪಾ?

ಬೇಸಿಗೆಯಲ್ಲಿ ಸರಿ. ಮಳೆಯಲ್ಲಿ ಮಬ್ಬಿನ ಮೂಲವೇ ಅದು. ನೀವು ಬಿಟ್ಟ ಉಸಿರು ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿರುತ್ತದೆ. ಎಸಿ ಓಡುತ್ತಿದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಎಸಿ ಇಲ್ಲದೆ ಬರೀ ಬ್ಲೋವರ್ ಜೊತೆ ರೀಸರ್ಕ್ಯುಲೇಶನ್ ಇದ್ದರೆ ಒಂದು ಸಿಗ್ನಲ್ ದಾಟುವುದರೊಳಗೆ ಗಾಜು ಬಿಳಿಯಾಗುತ್ತದೆ. ಹೊಗೆ ಉಗುಳುವ ಲಾರಿ ಮುಂದಿದ್ದರೆ ಒಂದೆರಡು ನಿಮಿಷ ಮುಚ್ಚಿ, ಅದು ಹೋದ ಮೇಲೆ ತೆಗೆಯಿರಿ. ಅಂದಹಾಗೆ, ಗ್ಲೋವ್‌ಬಾಕ್ಸ್ ಹಿಂದೆ ಇರುವ ಎಸಿ ಫಿಲ್ಟರ್ ನೋಡಿದ್ದೀರಾ? ನಮ್ಮ ಧೂಳಿಗೆ ಅದು ಕಂಬಳಿಯ ಹಾಗೆ ಕಟ್ಟಿಕೊಂಡಿರುತ್ತದೆ, ಬ್ಲೋವರ್ ಫುಲ್ ಇಟ್ಟರೂ ಗಾಜಿಗೆ ಗಾಳಿ ಬರುವುದಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಹೆಚ್ಚಿನ ಕಾರುಗಳಲ್ಲಿ ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ.

ಹೊರಗಡೆ ಮಬ್ಬಾದರೆ?

ಆಗ ಗಾಜು ಎಸಿಯಿಂದ ಅತಿ ತಣ್ಣಗಾಗಿದೆ, ಹೊರಗಿನ ಗಾಳಿ ಬೆಚ್ಚಗೆ ಒದ್ದೆಯಾಗಿದೆ. ಮಂಗಳೂರಿಗೆ ಕಾರಿನಲ್ಲಿ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಸಕಲೇಶಪುರದ ತನಕ ಏನೂ ಇರುವುದಿಲ್ಲ. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟಿ ನೆಲ್ಯಾಡಿ, ಉಪ್ಪಿನಂಗಡಿ ಹತ್ತಿರ ಬರುತ್ತಿದ್ದಂತೆ ಕರಾವಳಿಯ ಸೆಕೆ ಗಾಳಿ ಶುರು, ಗಾಜಿನ ಕೆಳಭಾಗ ಹೊರಗಿನಿಂದ ಬೆಳ್ಳಗಾಗುತ್ತದೆ. ಬೆಂಗಳೂರಿನಲ್ಲೂ ಎಸಿ 18ಕ್ಕೆ ಇಟ್ಟು ಮಳೆ ನಿಂತ ಮೇಲೆ ಓಡಿಸಿದರೆ ಆಗುತ್ತದೆ. ವೈಪರ್ ಆಡಿಸಿ, ಟೆಂಪರೇಚರ್ ಏರಿಸಿ, ಗಾಳಿಯನ್ನು ಗಾಜಿನಿಂದ ತೆಗೆದು ಮುಖದ ಕಡೆಗೆ ತಿರುಗಿಸಿ. ಇಲ್ಲಿ ಡಿಫ್ರಾಸ್ಟ್ ಒತ್ತಿ ಇನ್ನಷ್ಟು ತಣ್ಣನೆ ಗಾಳಿ ಊದಿದರೆ ಮಬ್ಬು ಹೆಚ್ಚುತ್ತದೆ.

ಎಸಿ ಹಾಕಿದರೆ ಮೈಲೇಜ್ ಹೋಗುತ್ತಲ್ಲ?

ಸ್ವಲ್ಪ ಹೋಗುತ್ತದೆ. ಹೋಗಲಿ. ಮಳೆಯಲ್ಲಿ ರಾತ್ರಿ ಹೊತ್ತು ಕಪ್ಪು ರೇನ್‌ಕೋಟ್ ಹಾಕಿ, ಹಿಂದಿನ ಲೈಟ್ ಕೆಟ್ಟ ಸ್ಕೂಟರ್‌ನಲ್ಲಿ ಹೋಗುವವರು ನಮ್ಮ ರಸ್ತೆಗಳಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಮಬ್ಬು ಗಾಜಿನ ಹಿಂದೆ ಕೂತವರಿಗೆ ಅವರು ಕಾಣುವುದೇ ಇಲ್ಲ. ಒಂದು ಸಂಜೆಯ ಎಸಿಗೆ ಆಗುವ ಪೆಟ್ರೋಲ್ ಖರ್ಚನ್ನು ಇದರ ಪಕ್ಕದಲ್ಲಿಟ್ಟು ಲೆಕ್ಕ ಹಾಕುವ ಹಾಗೇ ಇಲ್ಲ.

ಬೆಳಿಗ್ಗೆ ಕಾರು ತೆಗೆದರೆ ದಿನಾ ಎಲ್ಲ ಗಾಜೂ ಒಳಗಿನಿಂದ ಮಬ್ಬಾಗಿರುತ್ತದೆ. ರಾತ್ರಿ ಒಳಗೆ ಯಾರೂ ಇರಲಿಲ್ಲ!

ಹಾಗಾದರೆ ನೀರು ಇದೆ. ಹುಡುಕೋಣ.

ಮೊದಲು ಮ್ಯಾಟ್ ಎತ್ತಿ. ಕಣ್ಣಲ್ಲಿ ನೋಡಿದರೆ ಸಾಲದು, ಕಾರ್ಪೆಟ್ ಮೇಲೆ ಹಳೇ ನ್ಯೂಸ್‌ಪೇಪರ್ ಮಡಚಿಟ್ಟು ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಫೋಮ್ ನೀರು ಕುಡಿದು ಕೂತಿರುತ್ತದೆ, ಪೇಪರ್ ಒದ್ದೆಯಾಗುತ್ತದೆ. ನಾಲ್ಕೂ ಕಡೆ ಒತ್ತಿ ನೋಡಿ. ಎಲ್ಲಿ ಒದ್ದೆ ಎನ್ನುವುದೇ ಅರ್ಧ ಉತ್ತರ.

ಮುಂದೆ ಎಡಗಡೆ, ಅಂದರೆ ಗ್ಲೋವ್‌ಬಾಕ್ಸ್ ಕೆಳಗೆ ಒದ್ದೆ ಇದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಮಳೆಗಾಲದಲ್ಲಿ ಕಾಲು ಗಂಟೆ ಎಸಿ ಓಡಿದರೂ ಕಾರಿನ ಕೆಳಗೆ ಒಂದು ಹನಿ ಬೀಳುವುದಿಲ್ಲ ಎಂದರೆ ಅನುಮಾನ ಪಕ್ಕಾ. ಗ್ಯಾರೇಜಿನವರು ಕೆಳಗಿನಿಂದ ಗಾಳಿ ಹೊಡೆದು ಬಿಡಿಸಿಕೊಡುತ್ತಾರೆ, ಚಿಕ್ಕ ಕೆಲಸ.

ಇನ್ನೊಂದು ಕಾರಣ ಬೆಂಗಳೂರಿಗೆ ಸರಿಯಾಗಿ ಹೊಂದುತ್ತದೆ. ಜಯನಗರ, ಮಲ್ಲೇಶ್ವರದಂಥ ಕಡೆ ಮರದ ಕೆಳಗೆ ಕಾರು ನಿಲ್ಲಿಸುತ್ತೀರಿ ತಾನೆ? ಬಾನೆಟ್ ಎತ್ತಿ ವೈಪರ್ ಬುಡ ನೋಡಿ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಮಳೆಮರ, ಗುಲ್‌ಮೊಹರ್ ಎಲೆಗಳು ಎಷ್ಟು ಸಣ್ಣ ಎಂದರೆ ಜಾಲರಿಯ ಸಂದಿಯಲ್ಲೇ ಒಳಗೆ ಇಳಿದು, ಕೊಳೆತು, ಕಪ್ಪು ಕೆಸರಾಗಿ ನೀರು ಹೋಗುವ ತೂತನ್ನು ಮುಚ್ಚುತ್ತವೆ. ಆಮೇಲೆ ಮಳೆನೀರು ಅಲ್ಲೇ ತೊಟ್ಟಿಯಲ್ಲಿ ನಿಂತ ಹಾಗೆ ನಿಂತು, ಗಾಳಿ ಒಳಗೆ ಬರುವ ದಾರಿಯಲ್ಲೇ ಕ್ಯಾಬಿನ್‌ಗೆ ಇಳಿಯುತ್ತದೆ. ಬ್ಲೋವರ್ ಹಾಕಿದರೆ ಕೊಳೆತ ಎಲೆ ವಾಸನೆ ಬರುತ್ತಿದ್ದರೆ ಇದೇ. ಕೈಯಿಂದ ಎಲೆ ತೆಗೆದು ಒಂದು ಚೊಂಬು ನೀರು ಹಾಕಿ. ಅದು ಚಕ್ರದ ಹಿಂದೆ ನೆಲಕ್ಕೆ ಸರಾಗ ಇಳಿಯಬೇಕು. ಸನ್‌ರೂಫ್ ಇರುವ ಕಾರಿಗೂ ಇದೇ ಕಥೆ, ಅದರ ನಾಲ್ಕು ಮೂಲೆಯಲ್ಲಿ ಸಣ್ಣ ತೂತು ಇರುತ್ತವೆ. ಅವು ಕಟ್ಟಿಕೊಂಡರೆ ನೀರು ಛಾವಣಿ ಬಟ್ಟೆಗೆ, ಅಲ್ಲಿಂದ ಕಂಬದೊಳಗೆ ಇಳಿದು ಕಾಲ ಬುಡಕ್ಕೆ ಬರುತ್ತದೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ನೋಡಿ. ಅಲ್ಲಿ ನೀರು ನಿಂತಿದ್ದರೆ ಹಿಂದಿನ ಲೈಟಿನ ಅಥವಾ ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಹೋಗಿದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಈ ಪರೀಕ್ಷೆಗಳನ್ನು ಇನ್ನೂ ಗಮನ ಕೊಟ್ಟು ಮಾಡಿ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿದಾಗ ಬೇಸ್‌ಮೆಂಟ್‌ನಲ್ಲಿದ್ದ ಎಷ್ಟೋ ಕಾರುಗಳು ಮುಳುಗಿದ್ದವು. ಹೀಗೆ ನೀರು ಕುಡಿದ ಕಾರನ್ನು ಮೇಲೆ ಮಾತ್ರ ತೊಳೆದು ಮಾರಿದ್ದರೆ ಫೋಮ್ ಒಳಗಿನ ತೇವ, ಸೀಟ್ ಬೋಲ್ಟ್‌ಗಳ ತುಕ್ಕು ಅದನ್ನು ಹೇಳುತ್ತವೆ. ಅಂಥದ್ದಕ್ಕೆ ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆದು ಬಿಸಿಲಿಗೆ ಹಾಕುವುದೊಂದೇ ದಾರಿ.

ಗಾಜಿನ ಮೇಲೆ ಎಣ್ಣೆ ಎಣ್ಣೆಯಾದ ಮಬ್ಬು, ಒರೆಸಿದರೆ ಸವರಿಕೊಳ್ಳುತ್ತದೆ, ಒಳಗೆ ಸಿಹಿ ವಾಸನೆ. ಏನಿದು?

ಹೀಟರ್ ಕಾಯಿಲ್ ಸೋರುತ್ತಿದೆ. ಅದರಲ್ಲಿ ಹರಿಯುವುದು ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಅದರ ಆವಿ ಗಾಜಿಗೆ ಅಂಟುತ್ತಿದೆ. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಮಟ್ಟ ನೋಡಿ. ಇದನ್ನು ಮುಂದೂಡಬೇಡಿ. ಆ ಆವಿ ಉಸಿರಾಟಕ್ಕೆ ಒಳ್ಳೆಯದಲ್ಲ, ಕೂಲೆಂಟ್ ಖಾಲಿಯಾದರೆ ಎಂಜಿನ್ನೂ ಹೋಗುತ್ತದೆ.

ಗಾಜನ್ನು ಒಳಗಿನಿಂದ ಹೇಗೆ ಒರೆಸಬೇಕು?

ಕೊಳೆ ಗಾಜು ಬೇಗ ಮಬ್ಬಾಗುತ್ತದೆ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ, ಅದಕ್ಕೆ ಹಚ್ಚುವ ಪಾಲಿಶ್‌ನಿಂದ ಏಳುವ ಆವಿ ಗಾಜಿಗೆ ತೆಳು ಪದರವಾಗಿ ಅಂಟುತ್ತದೆ. ಸಿಗರೇಟ್ ಸೇದುವವರ ಕಾರಿನಲ್ಲಿ ಕೇಳುವುದೇ ಬೇಡ. ಕೈಯಿಂದ ಒರೆಸಿದರೆ ನಮ್ಮ ಚರ್ಮದ ಜಿಡ್ಡೂ ಸೇರುತ್ತದೆ, ಮುಂದಿನ ಸಲ ಬೆರಳಿನ ಗುರುತುಗಳೇ ಎದ್ದು ಕಾಣುತ್ತವೆ.

ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಗ್ಲಾಸ್ ಕ್ಲೀನರ್ ಹಾಕಿ ಒರೆಸಿ, ಎರಡನೆಯದರಲ್ಲಿ ಒಣಗಿಸಿ. ಒಳಗೆ ಮೇಲಿಂದ ಕೆಳಕ್ಕೆ, ಹೊರಗೆ ಅಡ್ಡಡ್ಡ ಒರೆಸಿ. ಆಗ ಗೆರೆ ಉಳಿದರೆ ಅದು ಯಾವ ಕಡೆಯದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಗಾಜು ಡ್ಯಾಶ್‌ಬೋರ್ಡ್‌ಗೆ ಸೇರುವ ಮೂಲೆಗೆ ಕೈ ಹೋಗುವುದಿಲ್ಲ, ಎಡಗಡೆ ಸೀಟಿನಲ್ಲಿ ಕೂತು ಅಂಗೈ ಹಿಂದುಮುಂದಾಗಿ ತಿರುಗಿಸಿ ಒತ್ತಿದರೆ ಸಿಗುತ್ತದೆ. ಬಟ್ಟೆ ಒಗೆಯುವಾಗ ಕಂಫರ್ಟ್ ಥರದ್ದು ಹಾಕಬೇಡಿ, ಅದೂ ಜಿಡ್ಡು ಬಿಡುತ್ತದೆ.

ಶೇವಿಂಗ್ ಫೋಮ್, ಶಾಂಪೂ ಹಚ್ಚಿದರೆ ಮಬ್ಬಾಗುವುದಿಲ್ಲವಂತೆ, ನಿಜವಾ?

ಕೆಲವು ದಿನ ನಿಜ. ಸೋಪಿನ ತೆಳು ಪದರದ ಮೇಲೆ ನೀರು ಹನಿಯಾಗದೆ ಹರಡಿಕೊಳ್ಳುತ್ತದೆ. ಆದರೆ ಮುಂದಿನ ಗಾಜಿಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಎದುರಿನ ಎಲ್‌ಇಡಿ ಬೆಳಕು ಆ ಪದರದಲ್ಲಿ ಹರಡಿ ಕಣ್ಣು ಕುಕ್ಕುತ್ತದೆ. ಪಕ್ಕದ ಗಾಜಿಗೆ ಬೇಕಾದರೆ ಹಚ್ಚಿ. ಹೊರಗೆ ಮಳೆನೀರು ಜಾರಲು ಹಚ್ಚುವ ದ್ರವವನ್ನು ಒಳಗೆ ಹಚ್ಚಬೇಡಿ, ಅದು ನೀರನ್ನು ಹನಿ ಹನಿಯಾಗಿಯೇ ನಿಲ್ಲಿಸುತ್ತದೆ.

ಉಪ್ಪು, ಸಿಲಿಕಾ ಜೆಲ್ ಇಡಬಹುದಾ?

ಸಿಲಿಕಾ ಜೆಲ್ ಚೀಲ ರಾತ್ರಿ ನಿಲ್ಲಿಸಿದ ಕಾರಿಗೆ ಒಳ್ಳೆಯದು, ಆಗಾಗ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ನಾಲ್ಕು ಜನ ಕೂತ ಕಾರಿನಲ್ಲಿ ಅದರಿಂದ ಏನೂ ಆಗದು. ಉಪ್ಪು ಬೇಡ. ಗಾಳಿಯ ತೇವಾಂಶ 75 ಶೇಕಡಾ ದಾಟಿದ ಮೇಲೆ ಅದು ನೀರೊಡೆಯುತ್ತದೆ, ಆ ಉಪ್ಪುನೀರು ಚೆಲ್ಲಿದರೆ ಕಾರಿನ ತಳ ತುಕ್ಕು ಹಿಡಿಯುತ್ತದೆ.

ಹಿಂದಿನ ಗಾಜಿಗೆ ಏನು ಮಾಡಲಿ?

ಗಾಜಿನಲ್ಲಿ ಕಂದು ಬಣ್ಣದ ಸಣ್ಣ ಗೆರೆಗಳಿದ್ದರೆ ಡಿಫಾಗರ್ ಇದೆ, ಅಂದರೆ ಆ ಗೆರೆಗಳೇ ಗಾಜನ್ನು ಬಿಸಿ ಮಾಡುತ್ತವೆ. ಚೌಕದ ಬಟನ್ ಒತ್ತಿ, ಸ್ವಲ್ಪ ಹೊತ್ತಿನ ನಂತರ ಎಷ್ಟೋ ಕಾರುಗಳಲ್ಲಿ ಅದು ತಾನೇ ಆಫ್ ಆಗುತ್ತದೆ. ಗೆರೆಯ ಉದ್ದಕ್ಕೇ ಒರೆಸಿ, ಸ್ಟಿಕ್ಕರ್ ತೆಗೆಯಲು ಬ್ಲೇಡ್ ಹಾಕಬೇಡಿ. ಒಂದು ಕಡೆ ತುಂಡಾದರೆ ಆ ಗೆರೆ ಪೂರ್ತಿ ಸತ್ತಂತೆ. ಬೇಸ್ ಮಾಡೆಲ್‌ನಲ್ಲಿ ಡಿಫಾಗರ್ ಇಲ್ಲದಿದ್ದರೆ ಎಸಿ ಜೊತೆಗೆ ಹಿಂದಿನ ಕಿಟಕಿ ಬೆರಳಷ್ಟು ಇಳಿಸಿ.

ಎಸಿ ಇಲ್ಲದ ಹಳೇ ಕಾರು ನಮ್ಮದು.

ಹೀಟರ್ ಇದ್ದರೆ ಸಾಕು. 20 ಡಿಗ್ರಿಯ ಪೂರ್ತಿ ಒದ್ದೆ ಗಾಳಿಯನ್ನು 32 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೊರಗಿನ ಗಾಳಿ, ಹೀಟರ್, ಗಾಜಿನ ಕಡೆಗೆ ಬ್ಲೋವರ್. ಮುಂದಿನ ಒಂದು, ಅದರ ಎದುರು ಮೂಲೆಯ ಹಿಂದಿನ ಇನ್ನೊಂದು ಕಿಟಕಿ ಸ್ವಲ್ಪ ತೆಗೆದಿಡಿ. ಬಾಗಿಲಿಗೆ ವೈಸರ್ ಹಾಕಿಸಿಕೊಂಡರೆ ಮಳೆ ಒಳಗೆ ಬರುವುದಿಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ?

ವಿಧಾನ ಅದೇ. ಎಂಜಿನ್ ಬಿಸಿ ಇಲ್ಲದ ಕಾರಣ ಹೀಟರ್ ಕೂಡ ಬ್ಯಾಟರಿಯಿಂದಲೇ ಓಡುತ್ತದೆ. ಬೆಂಗಳೂರಿನ ಹವೆಗೆ ಹೀಟರ್ ಅಪರೂಪಕ್ಕೆ ಬೇಕು, ಎಸಿ ಒಂದೇ ಸಾಕಾಗುತ್ತದೆ.

ಬೆಳಿಗ್ಗೆ ಬೇಸ್‌ಮೆಂಟ್‌ನಲ್ಲಿ ಎಂಜಿನ್ ಆನ್ ಮಾಡಿಟ್ಟು ಗಾಜು ತಿಳಿಯಾಗಲು ಬಿಡಬಹುದಾ?

ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಒಳಗಿನಿಂದ ಒಮ್ಮೆ ಒರೆಸಿ, ಹೊರಗೆ ತಂದು ಎಸಿ ಹಾಕಿ.

ಕ್ಯಾಬ್ ಡ್ರೈವರ್ ಎಸಿ ಹಾಕದೆ ಒರೆಸುತ್ತಾ ಓಡಿಸುತ್ತಿದ್ದಾರೆ. ಹೇಗೆ ಹೇಳಲಿ?

"ಅಣ್ಣಾ, ಎರಡು ನಿಮಿಷ ಎಸಿ ಗ್ಲಾಸಿಗೆ ಬಿಡಿ, ನಿಮಗೇ ಕ್ಲಿಯರ್ ಆಗುತ್ತೆ" ಎಂದು ಹೇಳಿ. ಎಷ್ಟೋ ಜನರಿಗೆ ಎಸಿ ಎಂದರೆ ಡೀಸೆಲ್ ಖರ್ಚಿನ ಲೆಕ್ಕವೇ ಮೊದಲು ತಲೆಗೆ ಬರುತ್ತದೆ, ಅದು ಅವರ ಹೊಟ್ಟೆಪಾಡಿನ ಪ್ರಶ್ನೆ, ಸಿಟ್ಟು ಮಾಡಿಕೊಳ್ಳಬೇಡಿ. ಒಪ್ಪದಿದ್ದರೆ ನಿಮ್ಮ ಕಡೆಯ ಕಿಟಕಿಯನ್ನಾದರೂ ಸ್ವಲ್ಪ ಇಳಿಸಿ.

ಹೆಡ್‌ಲೈಟ್ ಒಳಗೂ ಮಬ್ಬು ಕಾಣುತ್ತದೆ.

ತೆಳುವಾಗಿದ್ದು, ಲೈಟ್ ಹಾಕಿ ಓಡಿಸಿದ ಮೇಲೆ ಹೋದರೆ ಏನೂ ಇಲ್ಲ. ಒಳಗೆ ನೀರು ನಿಂತು ಅಲುಗಾಡುತ್ತಿದ್ದರೆ ಸೀಲ್ ಹೋಗಿದೆ, ತೋರಿಸಿ.

ನಂದಿ ಬೆಟ್ಟದ ದಾರಿಯಲ್ಲಿ ಬೆಳಗಿನ ಜಾವ ಏನು ಮಾಡಿದರೂ ಬಿಳಿ ಹೋಗುವುದಿಲ್ಲ.

ಅದು ಗಾಜಿನದಲ್ಲ, ರಸ್ತೆಯ ಮೇಲಿನ ಮಂಜು. ಬೆಟ್ಟ 1,478 ಮೀಟರ್ ಎತ್ತರ, ದೇವನಹಳ್ಳಿ ಕಡೆಯೂ ಡಿಸೆಂಬರ್, ಜನವರಿಯಲ್ಲಿ ಹೀಗೇ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಹಾಕಿ, ನಿಧಾನ ಹೋಗಿ.

ಗ್ಯಾರೇಜಿಗೆ ಹೋದಾಗ ಏನು ಹೇಳಬೇಕು?

"ಗಾಜು ಮಬ್ಬಾಗುತ್ತೆ" ಎಂದಷ್ಟೇ ಹೇಳಿದರೆ ಎಸಿ ಗ್ಯಾಸ್ ತುಂಬಿ ಬಿಲ್ ಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು. ಒಳಗೋ ಹೊರಗೋ, ಯಾವ ಮ್ಯಾಟ್ ಕೆಳಗೆ ಒದ್ದೆ, ಕಾರಿನ ಕೆಳಗೆ ಎಸಿ ನೀರು ಬೀಳುತ್ತದೋ ಇಲ್ಲವೋ, ವಾಸನೆ ಎಂಥದ್ದು, ಇಷ್ಟನ್ನು ಹೇಳಿ. ಒದ್ದೆ ಎಲ್ಲಿಂದ ಎಂದು ಗೊತ್ತಾಗದಿದ್ದರೆ ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತು, ಹೊರಗಿನಿಂದ ಇನ್ನೊಬ್ಬರು ಪೈಪಿನಲ್ಲಿ ನೀರು ಬಿಟ್ಟು ನೋಡಲಿ. ಮೊದಲು ವೈಪರ್ ಬುಡಕ್ಕೆ, ಆಮೇಲೆ ಬಾಗಿಲ ಅಂಚಿಗೆ, ಕೊನೆಗೆ ಛಾವಣಿಗೆ, ಒಂದೊಂದೇ ಜಾಗಕ್ಕೆ ನಿಧಾನವಾಗಿ. ಆ ಹೊತ್ತಿಗೆ ನೀವೂ ಅಲ್ಲೇ ನಿಂತಿರಿ.